ಪುಣೆಯಿಂದ ಕ್ಯಾರವಾನ್ ಬಾಡಿಗೆಗೆ ತಗೊಂಡು ಕೊಲ್ಹಾಪುರ, ದಾಜಿಪುರಕ್ಕೆ ಹೋಗುವವರಿಗೆ

ಪುಣೆಯಲ್ಲಿ ನೆಲೆಸಿರುವ ಕನ್ನಡದವರು ಕ್ಯಾರವಾನ್ (ಒಳಗೇ ಮಲಗಿ ಉಳಿಯಬಹುದಾದ ವ್ಯಾನ್) ಬಗ್ಗೆ ಕೇಳುವಾಗ ಮೊದಲು ಕೇಳುವುದು ಹಾಸಿಗೆ ಎಷ್ಟು, ಎಸಿ ಇದೆಯಾ, ಒಳಗೆ ಟಾಯ್ಲೆಟ್ ಇದೆಯಾ ಅಂತ. ನಾನು ಹೇಳುವುದು ಒಂದೇ, ಮೊದಲು ನಂಬರ್ ಪ್ಲೇಟ್ ಫೋಟೋ ತರಿಸಿಕೊಳ್ಳಿ. ಒಳಗಡೆ ಎಷ್ಟೇ ಮನೆಯ ಹಾಗೆ ಕಂಡರೂ ಕಾನೂನಿನ ಕಣ್ಣಿಗೆ ಅದು ಬಾಡಿಗೆ ಪ್ರವಾಸಿ ವಾಹನ. ಪರ್ಮಿಟ್, ಟೋಲ್, ರಾತ್ರಿ ನಿಲ್ಲಿಸುವ ಜಾಗ, ಎಲ್ಲವೂ ಇದರ ಮೇಲೆಯೇ ನಿಂತಿದೆ.

ಹಳದಿ ಪ್ಲೇಟ್ ಮೇಲೆ ಕಪ್ಪು ಅಕ್ಷರ ಇದ್ದರೆ ಅದು ಚಾಲಕರ ಸಮೇತ ಬರುವ ಬಾಡಿಗೆ ಗಾಡಿ. ಕಪ್ಪು ಪ್ಲೇಟ್ ಮೇಲೆ ಹಳದಿ ಅಕ್ಷರ ಇದ್ದರೆ ನೀವೇ ಓಡಿಸಬಹುದಾದ ಬಾಡಿಗೆ ಗಾಡಿ. ಬಿಳಿ ಪ್ಲೇಟ್ ಅಂದರೆ ಸ್ವಂತ ಬಳಕೆಯದು, ಅದನ್ನು ಬಾಡಿಗೆಗೆ ಕೊಡುವಂತಿಲ್ಲ. ಆದರೂ ಚೆನ್ನಾಗಿ ಮಾಡಿಸಿದ ಬಿಳಿ ಪ್ಲೇಟಿನ ವ್ಯಾನುಗಳನ್ನು ಕಡಿಮೆ ರೇಟಿಗೆ ಕೊಡುವವರು ಇದ್ದೇ ಇದ್ದಾರೆ, ಫೋನಿನಲ್ಲಿ ತುಂಬಾ ಪ್ರೀತಿಯಿಂದ ಮಾತಾಡುತ್ತಾರೆ, 'ಯಾರಾದರೂ ಕೇಳಿದರೆ ಫ್ರೆಂಡ್ ಗಾಡಿ ಅನ್ನಿ' ಅಂತ ಹೇಳಿಕೊಡುತ್ತಾರೆ. ಈ ಮಾತು ಕೇಳಿದ ಕೂಡಲೇ ಫೋನ್ ಇಟ್ಟುಬಿಡಿ. ಅಪಘಾತವಾದರೆ ವಿಮೆ ಕಂಪನಿ ಕ್ಲೇಮ್ ತಳ್ಳಿಹಾಕಲು ಅಷ್ಟೇ ಸಾಕು.

ಸ್ವಂತವಾಗಿ ಓಡಿಸಲು ಸಿಗುವ ಕ್ಯಾರವಾನ್ ಕಡಿಮೆ. ಹಾಗೆ ಬಾಡಿಗೆಗೆ ಕೊಡುವವರಿಗೆ 1989ರ ರೆಂಟ್ ಎ ಕ್ಯಾಬ್ ನಿಯಮದ ಲೈಸೆನ್ಸ್ ಬೇಕಾದರೆ ಕನಿಷ್ಠ 50 ಗಾಡಿ ಇರಬೇಕು ಅಂತ ಇದೆ. ಸಣ್ಣ ಮಾಲೀಕರಿಗೆ ಅದು ಆಗದ ಮಾತು. ಹಾಗಾಗಿ ಚಾಲಕರ ಜೊತೆ ಬರುವ ಟೆಂಪೊ ಟ್ರಾವೆಲರ್ ಮಾದರಿಯ ಕ್ಯಾರವಾನೇ ಹೆಚ್ಚು. ಘಾಟ್ ರಸ್ತೆಗೆ ಅದೇ ಒಳ್ಳೆಯದು ಅಂತ ನನ್ನ ಅಭಿಪ್ರಾಯ. ನಾವೇ ಓಡಿಸುತ್ತೇವೆ ಅನ್ನುವವರಿಗೆ ಕರ್ನಾಟಕದ ಡ್ರೈವಿಂಗ್ ಲೈಸೆನ್ಸೇ ಸಾಕು, ಇಡೀ ದೇಶದಲ್ಲಿ ನಡೆಯುತ್ತದೆ. ಕಾರಿನ ಎಲ್‌ಎಂವಿ (ಲಘು ಮೋಟಾರು ವಾಹನ) ಲೈಸೆನ್ಸ್ ಇದ್ದರೆ 7,500 ಕೆ.ಜಿ. ಒಳಗಿನ ವಾಣಿಜ್ಯ ವಾಹನವನ್ನೂ ಓಡಿಸಬಹುದು ಅಂತ ಸುಪ್ರೀಂ ಕೋರ್ಟ್ 2024ರ ನವೆಂಬರ್‌ನಲ್ಲಿ ಸ್ಪಷ್ಟವಾಗಿ ಹೇಳಿದೆ. ಗಾಡಿಯ ಒಟ್ಟು ತೂಕ ಆರ್‌ಸಿಯಲ್ಲಿ, ಅಂದರೆ ನೋಂದಣಿ ಪತ್ರದಲ್ಲಿ, ಬರೆದಿರುತ್ತದೆ, ನೋಡಿಕೊಳ್ಳಿ.

ಇನ್ನು ಬಾಡಿಗೆ ಲೆಕ್ಕ. ಇದನ್ನು ಸ್ವಲ್ಪ ಬಿಡಿಸಿ ಹೇಳುತ್ತೇನೆ, ಜಗಳ ಆಗುವುದು ಇಲ್ಲೇ. ಕಿಲೋಮೀಟರಿಗೆ ಇಷ್ಟು ಅಂತ ರೇಟ್ ಹೇಳುತ್ತಾರೆ, ಆದರೆ ದಿನಕ್ಕೆ ಕನಿಷ್ಠ 250 ಅಥವಾ 300 ಕಿ.ಮೀ. ಅಂತ ಒಂದು ಷರತ್ತು ಇರುತ್ತದೆ, ನೀವು ಅಷ್ಟು ಓಡಲಿ ಬಿಡಲಿ ದುಡ್ಡು ಕೊಡಬೇಕು. ಎಣಿಕೆ ಶುರುವಾಗುವುದು ನಿಮ್ಮ ಮನೆ ಬಾಗಿಲಿನಿಂದಲ್ಲ, ಅವರ ಗ್ಯಾರೇಜಿನಿಂದ. ಗಾಡಿ ಚಾಕಣ್‌ನಲ್ಲಿದ್ದು ನೀವು ಕಾತ್ರಜ್ ಹತ್ತಿರ ಇದ್ದರೆ ಆ ದೂರವೂ ನಿಮ್ಮದೇ. ಪುಣೆಯಿಂದ ಕೊಲ್ಹಾಪುರ ಸುಮಾರು 230 ಕಿ.ಮೀ., ಅಲ್ಲಿಂದ ರಾಧಾನಗರಿ ಅಭಯಾರಣ್ಯದ ದಾಜಿಪುರ ಸುಮಾರು 80. ಹೋಗಿ ಬರುವುದು ಸೇರಿ 620 ಆಯಿತು. ಮೂರು ದಿನಕ್ಕೆ 250ರ ಲೆಕ್ಕದಲ್ಲಿ 750 ಕಿ.ಮೀ. ದುಡ್ಡು ಹೇಗೂ ಕೊಡುತ್ತೀರಿ, ಅಲ್ವಾ? ಹಾಗಿದ್ದಾಗ 20 ಕಿ.ಮೀ. ದೂರದ ಪನ್ಹಾಳ ಕೋಟೆಯನ್ನು ಬಿಡುವುದು ಯಾಕೆ. ಕೃಷ್ಣಾ ತೀರದ ಖಿದ್ರಾಪುರವನ್ನೂ ಸೇರಿಸಿದರೆ ಕನಿಷ್ಠ ಲೆಕ್ಕ ಸ್ವಲ್ಪ ಮೀರುತ್ತದೆ, ಮೀರಲಿ. ಅಲ್ಲಿನ ಕೋಪೇಶ್ವರ ಗುಡಿಯಲ್ಲಿ ಕನ್ನಡ ಶಾಸನಗಳಿವೆ, ಮಕ್ಕಳಿಗೆ ತೋರಿಸಲೇಬೇಕು.

ಚಾಲಕರ ಭತ್ಯೆ, ರಾತ್ರಿ ಭತ್ಯೆ, ಟೋಲ್, ಪಾರ್ಕಿಂಗ್, ಜಿಎಸ್‌ಟಿ ಇವೆಲ್ಲ ರೇಟಿನ ಒಳಗೋ ಹೊರಗೋ ಅಂತ ವಾಟ್ಸಾಪಿನಲ್ಲಿ ಬರೆಸಿಕೊಳ್ಳಿ. ನಿಂತಾಗ ಎಸಿ ಓಡಿಸಲು ಜನರೇಟರ್ ಇದ್ದರೆ ಅದರ ಗಂಟೆಯ ಲೆಕ್ಕ ಬೇರೆ ಇರುತ್ತದೆ, ಅದನ್ನೂ ಕೇಳಿ. ಟೋಲ್ ಕೂಡ ಕಾರಿನ ದರವಲ್ಲ. ಇಂಥ ಗಾಡಿಗಳು ಮಿನಿ ಬಸ್ ವರ್ಗಕ್ಕೆ ಬರುತ್ತವೆ. ಕೊಲ್ಹಾಪುರದ ತನಕ ಖೇಡ್ ಶಿವಾಪುರ, ಆನೇವಾಡಿ, ತಾಸವಡೆ, ಕಿಣಿ ಅಂತ ನಾಲ್ಕು ಟೋಲ್ ಸಿಗುತ್ತವೆ. ಗಾಡಿ ಓಡುವಾಗ ಯಾರೂ ಹಾಸಿಗೆಯಲ್ಲಿ ಮಲಗಬೇಡಿ, ಮಕ್ಕಳಂತೂ ಬೇಡವೇ ಬೇಡ, ಎಲ್ಲರೂ ಸೀಟಿನಲ್ಲಿ ಬೆಲ್ಟ್ ಹಾಕಿಕೊಂಡೇ ಕೂರಬೇಕು.

ರಾತ್ರಿ ಎಲ್ಲಿ ನಿಲ್ಲಿಸುವುದು? ಮಹಾರಾಷ್ಟ್ರ ಸರ್ಕಾರ 2021ರಲ್ಲಿ ಕ್ಯಾರವಾನ್ ಪ್ರವಾಸೋದ್ಯಮ ನೀತಿ ತಂದಿದೆ. ಕ್ಯಾರವಾನ್ ಪಾರ್ಕ್ ಅಂದರೆ ನೀರು, ಕರೆಂಟು, ಕಾವಲು ಇರುವ ಜಾಗ ಬೇಕು ಅನ್ನುವುದು ಅದರ ಆಶಯ. ಅಂಥ ಪಾರ್ಕುಗಳು ಊರೂರಿಗೆ ಇಲ್ಲ. ಹಾಗಾಗಿ ಹೋಮ್‌ಸ್ಟೇ ಅಥವಾ ರೆಸಾರ್ಟಿಗೆ ಮೊದಲೇ ಫೋನ್ ಮಾಡಿ, ಅಂಗಳದಲ್ಲಿ ಗಾಡಿ ನಿಲ್ಲಿಸುತ್ತೇವೆ, 15 ಆಂಪಿಯರ್ ಪ್ಲಗ್ ಬೇಕು, ನೀರು ತುಂಬಿಸಬೇಕು, ಚಾಲಕರಿಗೆ ಒಂದು ಕೋಣೆ ಬೇಕು ಅಂತ ಹೇಳಿ ಮಾತಾಡಿಕೊಳ್ಳಿ. ಚಾಲಕರ ಕೋಣೆ ವಿಷಯ ನನಗೆ ಬಹಳ ಮುಖ್ಯ. ಮರುದಿನ ಘಾಟಿನಲ್ಲಿ ನಿಮ್ಮ ಮನೆಯವರೆಲ್ಲರ ಜೀವ ಅವರ ಕೈಯಲ್ಲಿರುತ್ತದೆ, ಮುಂದಿನ ಸೀಟಿನಲ್ಲಿ ಮುದುಡಿ ಮಲಗಿಸಬೇಡಿ. ಹೆದ್ದಾರಿ ಅಂಚಿನಲ್ಲಿ, ಕೆರೆ ದಂಡೆಯಲ್ಲಿ, ಯಾರದೋ ಕಬ್ಬಿನ ಗದ್ದೆ ಪಕ್ಕದಲ್ಲಿ ರಾತ್ರಿ ಕಳೆಯುವ ಯೋಚನೆಯೂ ಬೇಡ.

ಟಾಯ್ಲೆಟ್ ಟ್ಯಾಂಕ್ ಖಾಲಿ ಮಾಡುವುದು ಎಲ್ಲಿ ಅಂತ ಗಾಡಿ ತಗೊಳ್ಳುವಾಗಲೇ ಕೇಳಿ. ಹೊರತೆಗೆಯುವ ಡಬ್ಬಿಯ ಮಾದರಿಯಾದರೆ ರೆಸಾರ್ಟಿನ ಮಾಮೂಲಿ ಟಾಯ್ಲೆಟ್ಟಿಗೆ ಅನುಮತಿ ಕೇಳಿ ಸುರಿಯಬಹುದು. ಮೋರಿಗೆ, ಹೊಳೆಗೆ ಬಿಡಲೇಬಾರದು. ರಾಧಾನಗರಿಯ ಭೋಗಾವತಿ ನದಿಯ ನೀರನ್ನು ಕೆಳಗಿನ ಊರವರು ಕುಡಿಯುತ್ತಾರೆ. ಅಡುಗೆಗೆ ಇಂಡಕ್ಷನ್ ಒಲೆಯೇ ವಾಸಿ, ಮನೆಯ ಗ್ಯಾಸ್ ಸಿಲಿಂಡರ್ ಹೊತ್ತುಕೊಂಡು ಹೋಗಬೇಡಿ.

ಕೊಲ್ಹಾಪುರದ ಒಳಗೆ ಈ ಗಾಡಿ ನುಗ್ಗಿಸಬೇಡಿ. ಮಹಾಲಕ್ಷ್ಮಿ ಗುಡಿಯ ಸುತ್ತಲಿನ ಬೀದಿಗಳು ಕಿರಿದು, ಹಬ್ಬದ ದಿನವಂತೂ ಕಾಲಿಡಲು ಜಾಗ ಇರುವುದಿಲ್ಲ. ಊರ ಹೊರಗೆ ನಿಲ್ಲಿಸಿ ಆಟೋದಲ್ಲಿ ಹೋಗಿ. ಸಂಜೆ ರಂಕಾಳ ಕೆರೆ ದಂಡೆ, ರಾತ್ರಿ ಊಟಕ್ಕೆ ತಾಂಬಡಾ ಪಾಂಢರಾ ರಸ್ಸಾ, ಅಂದರೆ ಕೆಂಪು ಮತ್ತು ಬಿಳಿ ಮಾಂಸದ ಸಾರು. ಅಂಗಡಿಗಳಲ್ಲಿ ಕನ್ನಡ ಅರ್ಥವಾಗುವವರು ಸಾಕಷ್ಟು ಜನ ಸಿಗುತ್ತಾರೆ.

ಕಾಡಿನ ವಿಷಯ ಬೇರೆ. ರಾಧಾನಗರಿ ಅಭಯಾರಣ್ಯ 1958ರಿಂದ ಇದೆ, ಮೊದಲು ದಾಜಿಪುರ ಕಾಡುಕೋಣಗಳ ಅಭಯಾರಣ್ಯ ಅಂತಲೇ ಹೆಸರು. ಒಳಗಿನ ದಾರಿ ಮಣ್ಣು ಕಲ್ಲಿನದು, ನಿಮ್ಮ ಎತ್ತರದ ಗಾಡಿಗೆ ಅಲ್ಲಿ ಕೆಲಸವಿಲ್ಲ. ಗೇಟಿನ ಹೊರಗೆ ನಿಲ್ಲಿಸಿ, ಪ್ರವೇಶ ಶುಲ್ಕದ ರಸೀದಿ ತಗೊಂಡು, ಸ್ಥಳೀಯ ಜೀಪು ಮತ್ತು ಗೈಡ್ ಜೊತೆ ಬೆಳಗ್ಗೆ ಬೇಗ ಹೋಗಿ. ಕಾಡುಕೋಣದ ಜೊತೆಗೆ ಮರದ ಮೇಲೂ ಕಣ್ಣಿಡಿ, ಮಹಾರಾಷ್ಟ್ರದ ರಾಜ್ಯಪ್ರಾಣಿ ಶೇಕರೂ, ಅಂದರೆ ನಮ್ಮ ಕೆಂದಳಿಲು, ಇಲ್ಲಿದೆ. 1972ರ ವನ್ಯಜೀವಿ ಕಾಯ್ದೆ ಪ್ರಕಾರ ಅಭಯಾರಣ್ಯದ ಒಳಗೆ ಹೋಗಲೂ ಉಳಿಯಲೂ ಅನುಮತಿ ಬೇಕು, ಬೆಂಕಿ ಹಾಕುವುದು ಅಪರಾಧ. ಕ್ಯಾಂಪ್‌ಫೈರ್ ಆಸೆ ಇದ್ದರೆ ಹೋಮ್‌ಸ್ಟೇ ಅಂಗಳದಲ್ಲಿ, ಮಾಲೀಕರು ಒಪ್ಪಿದರೆ ಮಾತ್ರ.

ಮಳೆಗಾಲದಲ್ಲಿ ದಾಜಿಪುರ ಪ್ರವಾಸಿಗರಿಗೆ ಮುಚ್ಚಿರುತ್ತದೆ. 2019ರ ಆಗಸ್ಟ್‌ನಲ್ಲಿ, ಮತ್ತೆ 2021ರ ಜುಲೈನಲ್ಲಿ ಪಂಚಗಂಗಾ ನದಿ ಉಕ್ಕಿ ಕೊಲ್ಹಾಪುರದ ಹತ್ತಿರ ಹೆದ್ದಾರಿಯೇ ಬಂದ್ ಆಗಿತ್ತು. ನವೆಂಬರ್‌ನಿಂದ ಫೆಬ್ರವರಿ ಒಳಗೆ ಹೋಗುವುದು ಒಳ್ಳೆಯದು.

ಅಲ್ಲಿಂದ ನಿಪ್ಪಾಣಿ, ಬೆಳಗಾವಿ ಕಡೆ ದಾಟಿ ಊರಿಗೂ ಹೋಗಿ ಬರೋಣ ಅಂತ ಎಲ್ಲರಿಗೂ ಅನ್ನಿಸುತ್ತದೆ. ಹಾಗಿದ್ದರೆ ಗಾಡಿಗೆ ಅಖಿಲ ಭಾರತ ಪ್ರವಾಸಿ ಪರ್ಮಿಟ್ ಇರಬೇಕು, 2023ರ ನಿಯಮದ ಈ ಪರ್ಮಿಟ್ ಇದ್ದರೆ ಗಡಿಯಲ್ಲಿ ಬೇರೆ ತೆರಿಗೆ ಕಟ್ಟುವುದು ಬೇಡ. ಮಹಾರಾಷ್ಟ್ರದ ಪರ್ಮಿಟ್ ಮಾತ್ರ ಇದ್ದರೆ ಮುಂಗಡ ಕೊಡುವ ಮೊದಲೇ ಮಾಲೀಕರಿಗೆ ಹೇಳಿ, ಕರ್ನಾಟಕದ ತಾತ್ಕಾಲಿಕ ಪರ್ಮಿಟ್ ಮತ್ತು ತೆರಿಗೆ ರಸೀದಿ ಮಾಡಿಸಿ, ಅದರ ಪ್ರತಿ ನಿಮ್ಮ ಫೋನಿನಲ್ಲೂ ಇಟ್ಟುಕೊಳ್ಳಿ.