ಈಸ್ಟರ್ ಊಟಕ್ಕೆ ಕುರಿತೊಡೆಯ ರೋಸ್ಟ್

ಈಸ್ಟರ್ ಹಬ್ಬವು ಮಾರ್ಚ್ 22 ಮತ್ತು ಏಪ್ರಿಲ್ 25ರ ನಡುವೆ ಬರುವುದರಿಂದ, ಬಳ್ಳಾರಿಯಂತಹ ಊರಿನಲ್ಲಿ ಆ ಹೊತ್ತಿಗೆ ಬಿಸಿಲು ನೆತ್ತಿ ಸುಡುತ್ತಿರುತ್ತದೆ. ಆದ್ದರಿಂದ ರೋಸ್ಟ್ ಮಾಡಲು ಹೊರಟವರು ಮಸಾಲೆಗಿಂತ ಮೊದಲು ವೇಳೆಯನ್ನು ಯೋಚಿಸಬೇಕು. ಬಂಧುಗಳು ಬಾಗಿಲಿಗೆ ಬರುವಾಗ ಮನೆಯವರು ಒಲೆಯ ಮುಂದೆ ಬೆವರುತ್ತ ನಿಂತಿರುವುದು ಹಬ್ಬಕ್ಕೆ ಒಪ್ಪುವ ಮಾತಲ್ಲ.

ಭಾನುವಾರ ಬೆಳಿಗ್ಗೆ ಮಟನ್ ಅಂಗಡಿಯ ಮುಂದೆ ಸಾಲು ನಿಲ್ಲುವ ಬದಲು, ಮೊದಲೇ ಹೇಳಿಟ್ಟು ಶನಿವಾರ ಹಿಂಗಾಲಿನ ತೊಡೆಯನ್ನು ಇಡಿಯಾಗಿ ತರಿಸಿಕೊಳ್ಳಿರಿ. ಮಾಂಸ ತಿಳಿಗೆಂಪಾಗಿ, ಕೊಬ್ಬು ಬೆಳ್ಳಗಿದ್ದರೆ ಅದು ಎಳೆಯ ಕುರಿಯದು. ಎರಡು ಕಿಲೋ ತೂಕದ ತೊಡೆ ಪಲ್ಯ, ಅನ್ನಗಳ ಜೊತೆ ಏಳೆಂಟು ಜನರಿಗೆ ಸಾಲುತ್ತದೆ. ಚಾಕುವಿನಿಂದ ಎಲುಬು ಮುಟ್ಟುವಷ್ಟು ಆಳವಾಗಿ ಅಲ್ಲಲ್ಲಿ ಸೀಳಿ, ಸೀಳುಗಳಲ್ಲಿ ಬೆಳ್ಳುಳ್ಳಿ ಎಸಳು ತುರುಕಿ, ನೆನೆಸಿ ರುಬ್ಬಿದ ಬ್ಯಾಡಗಿ ಮೆಣಸಿನಕಾಯಿ, ಶುಂಠಿ, ಕಾಳುಮೆಣಸು, ಉಪ್ಪು ಮತ್ತು ಒಂದು ಬಟ್ಟಲು ಗಟ್ಟಿ ಮೊಸರನ್ನು ಕಲಸಿ ಎಲ್ಲ ಕಡೆಗೂ ತಿಕ್ಕಬೇಕು. ಪಪ್ಪಾಯಿ ಕಾಯಿಯ ತುರಿ ಹಾಕುವುದಾದರೆ ಒಂದು ಚಮಚೆ ಸಾಕು. ಹೆಚ್ಚಾದರೆ ಮಾಂಸ ಮೆದುವಾಗುವುದಿಲ್ಲ, ಹಿಟ್ಟಿನಂತಾಗುತ್ತದೆ. ಪಾಸ್ಖ ಜಾಗರಣೆಗೆ, ಅಂದರೆ ಈಸ್ಟರ್ ಹಿಂದಿನ ರಾತ್ರಿಯ ಪೂಜೆಗೆ, ಚರ್ಚಿಗೆ ಹೊರಡುವ ಮೊದಲೇ ಈ ಕೆಲಸ ಮುಗಿಸಿ, ಮುಚ್ಚಿ ಫ್ರಿಜ್‌ನಲ್ಲಿಡಿರಿ. ಈ ಸೆಕೆಯಲ್ಲಿ ರಾತ್ರಿಯಿಡೀ ಹೊರಗಿಡುವ ಮಾತೇ ಇಲ್ಲ.

ಮರುದಿನ ತೊಡೆಯನ್ನು ಅರ್ಧ ಗಂಟೆ ಮೊದಲು ಹೊರತೆಗೆದು, ಫಾಯಿಲ್‌ನಿಂದ ಬಿಗಿಯಾಗಿ ಮುಚ್ಚಿ, 160 ಡಿಗ್ರಿ ಶಾಖದಲ್ಲಿ ಎರಡರಿಂದ ಎರಡೂವರೆ ಗಂಟೆ ಬೇಯಿಸಬೇಕು. ಮಾಂಸ ಎಲುಬಿನ ತುದಿಯಿಂದ ಹಿಂದೆ ಸರಿದು, ಕಡ್ಡಿ ಚುಚ್ಚಿದರೆ ಸಲೀಸಾಗಿ ಇಳಿದರೆ ಬೆಂದಂತೆ. ಆಗ ಫಾಯಿಲ್ ತೆಗೆದು, ತುಪ್ಪ ಸವರಿ, 220 ಡಿಗ್ರಿಗೆ ಏರಿಸಿ ಹದಿನೈದು ನಿಮಿಷ ಕೆಂಪಗಾಗಿಸಿರಿ. ನಡುವೆ ಕರೆಂಟ್ ಹೋದರೆ ಗಾಬರಿಯಿಂದ ಓವನ್ ಬಾಗಿಲು ತೆರೆಯಬಾರದು; ಒಳಗಿನ ಶಾಖವೇ ಸ್ವಲ್ಪ ಹೊತ್ತು ಕೆಲಸ ಮಾಡುತ್ತದೆ. ಓವನ್ ಇಲ್ಲದವರು ಮೊಣಕಾಲಿನ ಗೆಣ್ಣಿನಲ್ಲಿ ತೊಡೆಯನ್ನು ಎರಡಾಗಿ ಕಡಿಸಿ, ದಪ್ಪ ತಳದ ಪಾತ್ರೆಯನ್ನು ಕಬ್ಬಿಣದ ಹೆಂಚಿನ ಮೇಲಿಟ್ಟು, ಒಂದು ಲೋಟ ನೀರು ಹಾಕಿ ಸಣ್ಣ ಉರಿಯಲ್ಲಿ ಆಗಾಗ ತಿರುವುತ್ತ ಬೇಯಿಸಬಹುದು; ನನಗಂತೂ ಈ ರುಚಿಯೇ ಹೆಚ್ಚು.

ಇಳಿಸಿದ ಕೂಡಲೇ ಕತ್ತರಿಸಿದರೆ ರಸವೆಲ್ಲ ಹಲಗೆಯ ಪಾಲು. ಇಪ್ಪತ್ತು ನಿಮಿಷ ಮುಚ್ಚಿಟ್ಟು, ಅನಂತರ ಎಳೆಗೆ ಅಡ್ಡವಾಗಿ ಕೊಯ್ಯಬೇಕು. ಅಷ್ಟರಲ್ಲಿ ತಟ್ಟೆಯಲ್ಲಿ ಇಳಿದ ರಸದ ಮೇಲಿನ ಜಿಡ್ಡಿನಲ್ಲಿ ಅರೆಬೆಂದ ಆಲೂಗಡ್ಡೆಯನ್ನು ಹುರಿದು, ಉಳಿದ ರಸಕ್ಕೆ ಹುರಿದ ಈರುಳ್ಳಿ ಸೇರಿಸಿ ಕುದಿಸಿದರೆ ಗ್ರೇವಿಯೂ ಆಯಿತು. ಜೊತೆಗೆ ಸೋನಾಮಸೂರಿ ಅನ್ನ, ಸೌತೆಕಾಯಿ ಮತ್ತು ಹಸಿ ಮೆಂತ್ಯೆ ಸೊಪ್ಪಿನ ಪಚಡಿ, ಮಜ್ಜಿಗೆ ಇದ್ದರೆ ಬೇರೇನೂ ಬೇಡ.

ಮಾಂಸ ತಿನ್ನದ ನೆರೆಯವರನ್ನು ಕರೆದಿದ್ದರೆ ಎಣ್ಣೆಗಾಯಿ, ಶೇಂಗಾ ಹೋಳಿಗೆಗಳನ್ನು ಮೊದಲೇ ಬೇರೆ ಪಾತ್ರೆ, ಬೇರೆ ಸೌಟಿನಲ್ಲಿ ಮಾಡಿಟ್ಟು, ಅವರಿಗೆ ಹಾಗೆಂದು ತಿಳಿಸಿಯೂ ಬಿಡಿರಿ; ಸಂಕೋಚವಿಲ್ಲದೆ ಉಣ್ಣುತ್ತಾರೆ.

ಉಳಿದ ಮಾಂಸವನ್ನು ಊಟವಾದ ಒಂದು ಗಂಟೆಯೊಳಗೆ ಫ್ರಿಜ್‌ಗೆ ಸೇರಿಸಿ, ಎಲುಬನ್ನು ಎಸೆಯದೆ ಮರುದಿನ ಕಾಳುಮೆಣಸು ಹಾಕಿ ಸಾರು ಮಾಡಿರಿ. ಬಿಸಿ ಜೋಳದ ರೊಟ್ಟಿಗೆ ಅದು ಚೆನ್ನಾಗಿ ಹೊಂದುತ್ತದೆ.