ಗ್ರೂಪಿಗೆ ದ್ವೇಷದ ಫಾರ್ವರ್ಡ್ ಬಂದರೆ ಏನು ಮಾಡೋದು: ದಾವಣಗೆರೆಯವರಿಗೆ ಒಂದಿಷ್ಟು ದಾರಿ

ದಾವಣಗೆರೆಯಲ್ಲಿ ಯಹೂದಿಯೊಬ್ಬರನ್ನು ಎದುರಿಗೆ ಕಂಡವರು ಎಷ್ಟು ಜನ ಇರಬಹುದು? ತುಂಬಾ ಕಡಿಮೆ. ಆದರೂ ಪಿ.ಬಿ. ರಸ್ತೆಯ ಹೋಟೆಲಿನಲ್ಲಿ ಬೆಣ್ಣೆ ದೋಸೆಗೆ ಕಾಯುತ್ತಾ ಕೂತವರ ಮೊಬೈಲ್ ನೋಡಿದರೆ ಯಹೂದಿಗಳ ಬಗ್ಗೆ ಬೇಕಾದಷ್ಟು ಸಿಗುತ್ತದೆ. ಒಂದು ವಾಟ್ಸಾಪ್ ಗ್ರೂಪಿನಲ್ಲಿ 'ಪ್ರಪಂಚದ ಬ್ಯಾಂಕೆಲ್ಲ ಅವರ ಕೈಯಲ್ಲೇ ಇದೆ, ರೋಗ ಬಿಟ್ಟಿದ್ದೂ ಅವರೇ' ಅಂತ. ಇನ್ನೊಂದರಲ್ಲಿ 'ಇಸ್ರೇಲ್ ನೋಡಿ ಕಲೀರಿ, ಇಲ್ಲಿರೋರಿಗೂ ಹಂಗೇ ಮಾಡಬೇಕು' ಅಂತ. ಮೊದಲನೆಯದು ಯಹೂದಿಗಳನ್ನು ಬೈಯುತ್ತದೆ. ಎರಡನೆಯದು ಯಹೂದಿಗಳ ಹೆಸರು ಹೇಳಿಕೊಂಡು ಪಕ್ಕದ ಬೀದಿಯ ಮುಸ್ಲಿಮರನ್ನು ಬೈಯುತ್ತದೆ. ಯಹೂದಿ ಅಂದರೆ ಯಾರು ಅಂತ ಎರಡಕ್ಕೂ ಗೊತ್ತಿಲ್ಲ.

ಇಂಥದ್ದು ಬಂದಾಗ ಜಗಳಕ್ಕೂ ಇಳಿಯದೆ, ಬಾಯಿ ಮುಚ್ಚಿಕೊಂಡೂ ಕೂರದೆ ಏನು ಮಾಡಬಹುದು ಅಂತ ಬರೆಯುತ್ತಿದ್ದೇನೆ. ಯಾವುದೋ ದೂರದವರ ಮೇಲಿನ ಮಾತು, ನಮಗ್ಯಾಕೆ ಅಂತ ಸುಮ್ನೆ ಬಿಟ್ಟರೆ ಅದೇ ಮಾತು ಹೆಸರು ಬದಲಿಸಿಕೊಂಡು ನಮ್ಮ ಓಣಿಯವರ ಮೇಲೆ ಬರುತ್ತದೆ. ನನ್ನ ತಕರಾರು ಇಷ್ಟೇ.

ಮೊದಲು ಮೆಸೇಜನ್ನು ನಿಧಾನವಾಗಿ ನೋಡಿ. ಮೇಲೆ ಎರಡು ಬಾಣದ ಗುರುತು ಇದ್ದರೆ ಅದು ಬಹಳ ಕೈ ದಾಟಿ ಬಂದಿದೆ ಅಂತ ಅರ್ಥ, ಅದನ್ನು ಬರೆದವರು ನಿಮಗೆ ಕಳಿಸಿದವರಲ್ಲ. ಚಿತ್ರ ಇದ್ದರೆ ಗೂಗಲ್ ಲೆನ್ಸ್‌ನಲ್ಲಿ ಹಾಕಿ. ಭೂಮಿಯನ್ನು ತಬ್ಬಿಕೊಂಡ ಆಕ್ಟೋಪಸ್, ತಲೆ ಮೇಲೆ ಆರು ಮೂಲೆಯ ನಕ್ಷತ್ರ, ಕೆಳಗೆ ದಪ್ಪ ಕನ್ನಡ ಅಕ್ಷರದಲ್ಲಿ 'ಇವರನ್ನು ಗುರುತಿಸಿ' ಅಂತ ಇರುವ ಚಿತ್ರ ನಿಮಗೂ ಬಂದಿರಬಹುದು. ಈ ಆಕ್ಟೋಪಸ್ ನಾಜಿ ಕಾಲದ ಜರ್ಮನಿಯ ವ್ಯಂಗ್ಯಚಿತ್ರದಲ್ಲೇ ಇತ್ತು. ಕನ್ನಡ ಅಕ್ಷರ ಮಾತ್ರ ಹೊಸದು.

'ಯಹೂದಿಗಳು ಗುಟ್ಟಾಗಿ ಸೇರಿ ಜಗತ್ತನ್ನು ಆಳುತ್ತಾರೆ' ಅನ್ನುವ ಕಥೆಗೂ ಹುಟ್ಟಿದ ಊರು, ತಾರೀಕು ಎರಡೂ ಇದೆ. 1903ರಲ್ಲಿ ರಷ್ಯಾದ ಒಂದು ಪತ್ರಿಕೆಯಲ್ಲಿ 'ಪ್ರೋಟೋಕಾಲ್ಸ್' ಅನ್ನುವ ಸುಳ್ಳು ದಾಖಲೆ ಅಚ್ಚಾಯಿತು. ಯಹೂದಿ ಹಿರಿಯರು ಸಭೆ ಸೇರಿ ಬರೆದದ್ದು ಅಂತ ಅದರ ಹೇಳಿಕೆ. 1921ರಲ್ಲಿ ಲಂಡನ್ನಿನ ಟೈಮ್ಸ್ ಪತ್ರಿಕೆ ಅದನ್ನು ಬಯಲು ಮಾಡಿತು: ಪುಟಗಟ್ಟಲೆ ಭಾಗ ಮೋರಿಸ್ ಜೋಲಿ ಅನ್ನುವ ಫ್ರೆಂಚ್ ಲೇಖಕ 1864ರಲ್ಲಿ ತನ್ನ ದೇಶದ ದೊರೆಯನ್ನು ಲೇವಡಿ ಮಾಡಿ ಬರೆದ ಪುಸ್ತಕದಿಂದ ಕದ್ದದ್ದು. ಆ ಪುಸ್ತಕದಲ್ಲಿ ಯಹೂದಿಗಳ ಮಾತೇ ಇಲ್ಲ! ಕಾರು ಮಾಡುತ್ತಿದ್ದ ಹೆನ್ರಿ ಫೋರ್ಡ್ ಕೂಡ ಇದನ್ನು ನಂಬಿ ತನ್ನ ಪತ್ರಿಕೆಯಲ್ಲಿ ವರ್ಷಗಟ್ಟಲೆ ಹಂಚಿದ, 1927ರಲ್ಲಿ ಕ್ಷಮೆ ಕೇಳಿದ. ಅಷ್ಟು ಹೊತ್ತಿಗೆ ಅದು ಹಿಟ್ಲರನ ಕೈ ಸೇರಿಯಾಗಿತ್ತು.

'ರೋಗ ಬಿಟ್ಟರು' ಅನ್ನುವುದು ಇನ್ನೂ ಹಳೆಯದು. 1348-49ರಲ್ಲಿ ಯುರೋಪಿಗೆ ಪ್ಲೇಗ್ ಬಂದಾಗ ಯಹೂದಿಗಳು ಬಾವಿಗೆ ವಿಷ ಹಾಕಿದರು ಅಂತ ಸುದ್ದಿ ಹಬ್ಬಿತು. ಸ್ಟ್ರಾಸ್‌ಬರ್ಗ್ ಊರಿನಲ್ಲಿ 1349ರ ಫೆಬ್ರವರಿಯಲ್ಲಿ ನೂರಾರು ಯಹೂದಿಗಳನ್ನು ಸುಟ್ಟುಹಾಕಿದರು. ಆಗಿನ್ನೂ ಆ ಊರಿಗೆ ಪ್ಲೇಗೇ ಬಂದಿರಲಿಲ್ಲ. ಆಮೇಲೆ ಊರವರು ಅವರಿಂದ ತಂದಿದ್ದ ಸಾಲವೆಲ್ಲ ಮನ್ನಾ ಆಯಿತು. ಈ ಕೊನೆಯ ವಿಷಯವನ್ನು ಗ್ರೂಪಿನಲ್ಲಿ ಹೇಳಿ ನೋಡಿ, ಮಂಡಿಪೇಟೆಯ ವ್ಯಾಪಾರಿಗಳಿಗೆ ತಕ್ಷಣ ಅರ್ಥವಾಗುತ್ತದೆ. ಕುಶಲಕರ್ಮಿಗಳ ಸಂಘಗಳಿಗೆ ಯಹೂದಿಗಳನ್ನು ಸೇರಿಸುತ್ತಿರಲಿಲ್ಲ, ಎಷ್ಟೋ ಕಡೆ ಜಮೀನು ಕೊಳ್ಳಲು ಬಿಡುತ್ತಿರಲಿಲ್ಲ, ಕ್ರೈಸ್ತರು ಬಡ್ಡಿ ತೆಗೆದುಕೊಳ್ಳಬಾರದು ಅಂತ ಚರ್ಚಿನ ಕಟ್ಟಳೆ. ಉಳಿದದ್ದು ಸಾಲ ಕೊಡುವ ಕೆಲಸ. ಬೇರೆ ದಾರಿ ಮುಚ್ಚಿ ಆ ಕೆಲಸಕ್ಕೆ ತಳ್ಳಿ, ಆಮೇಲೆ ಬಡ್ಡಿಕೋರರು ಅಂತ ಬೈದರು. ಸಾಲ ಕೊಟ್ಟವನನ್ನು ಯಾವ ಊರಲ್ಲಿ ಪ್ರೀತಿಸುತ್ತಾರೆ ಹೇಳಿ?

ಕೊರೊನಾ ಬಂದ ಹೊಸದರಲ್ಲಿ ನಮ್ಮ ದೇಶದ ಎಷ್ಟೋ ಕಡೆ ತರಕಾರಿ ಗಾಡಿಯವರ ಹೆಸರು ಕೇಳಿ, ಮುಸ್ಲಿಂ ಅಂತ ಗೊತ್ತಾದರೆ ವಾಪಸ್ ಕಳಿಸಿದ್ದು ನೆನಪಿದೆಯಲ್ವಾ? ಬಾವಿಯ ಜಾಗದಲ್ಲಿ ತರಕಾರಿ ಬಂತು, ಅಷ್ಟೇ ವ್ಯತ್ಯಾಸ.

ಇನ್ನು ಉತ್ತರ ಕೊಡುವ ವಿಷಯ. ಹಾಕಿದವರು ಹಿರಿಯರಾದರೆ ಎಲ್ಲರ ಮುಂದೆ ತಿದ್ದಬೇಡಿ, ಅವರಿಗೆ ಬೇರೆಯಾಗಿ ಕಳಿಸಿ. ಹೀಗೆ ಬರೆಯಬಹುದು:

'ಕಾಕಾ, ನೀವು ಬೆಳಿಗ್ಗೆ ಹಾಕಿದ ಫೋಟೋ ನೋಡಿದೆ. ಅದು ನಾಜಿಗಳ ಕಾಲದ ಚಿತ್ರ, ಯಾರೋ ಮೇಲೆ ಕನ್ನಡದಲ್ಲಿ ಬರೆದಿದ್ದಾರೆ. ನಿಮ್ಮ ಹೆಸರಲ್ಲಿ ಅದು ಓಡಾಡೋದು ನನಗೆ ಸರಿ ಕಾಣಲಿಲ್ಲ. ತೆಗೆದುಬಿಡಿ. ಮಿಕ್ಕಿದ್ದು ಭಾನುವಾರ ಮನೆಗೆ ಬಂದಾಗ ಮಾತಾಡೋಣ.'

ಇದರಲ್ಲಿ ಬೈಗುಳ ಇಲ್ಲ, ಪಾಠ ಇಲ್ಲ, ಹತ್ತು ಲಿಂಕೂ ಇಲ್ಲ. ಅವರ ಮರ್ಯಾದೆ ಉಳಿಯುವ ಹಾಗೆ ಒಂದು ಬಾಗಿಲು ಇದೆ. 'ತೆಗೆಯಲ್ಲ, ನಿಂಗೇನು ಗೊತ್ತು' ಅಂದರೆ ಆಗ ಗ್ರೂಪಿನಲ್ಲೇ ಎರಡು ಸಾಲು ಹಾಕಿ: ಈ ಚಿತ್ರ ಎಲ್ಲಿಯದು, ಯಾಕೆ ಸುಳ್ಳು. ಹಾಕಿ ಸುಮ್ಮನಾಗಿ. ಇನ್ನೂರು ಜನರ ಗ್ರೂಪಿನಲ್ಲಿ ಮಾತಾಡೋರು ಹತ್ತು ಮಂದಿ, ನೀವು ಬರೆಯುತ್ತಿರುವುದು ಓದಿ ಸುಮ್ಮನೆ ಇರುವ ಮಿಕ್ಕವರಿಗೆ. ರಾತ್ರಿ ಹನ್ನೊಂದರ ಮೇಲೆ ವಾದಕ್ಕೆ ಇಳಿಯಬೇಡಿ. ಸ್ಕ್ರೀನ್‌ಶಾಟ್ ತೆಗೆದು ಸ್ಟೇಟಸ್ಸಿಗೆ ಹಾಕಿ ಮಾನ ಕಳೆಯಲೂ ಹೋಗಬೇಡಿ. ಹಾಗೆ ಮಾಡಿದರೆ ಅವರು ತಮ್ಮ ಕಡೆಯವರಿಗೆ ಹೀರೋ ಆಗುತ್ತಾರೆ, ಸುಳ್ಳು ಇನ್ನೂರು ಜನಕ್ಕೆ ಜಾಸ್ತಿ ತಲುಪುತ್ತದೆ.

'ನಮಗೂ ಒಬ್ಬ ಹಿಟ್ಲರ್ ಬೇಕು' ಅನ್ನುವವರದ್ದು ಬೇರೆ ಜಾತಿಯ ಕಾಯಿಲೆ. ನಮ್ಮಲ್ಲಿ ಸ್ಟ್ರಿಕ್ಟ್ ಹೆಡ್‌ಮಾಸ್ಟರಿಗೂ ಹಿಟ್ಲರ್ ಅಂತ ಅಡ್ಡಹೆಸರು ಇಡುತ್ತೇವೆ, ಅವನ ಆತ್ಮಕಥೆಯನ್ನು ವ್ಯಕ್ತಿತ್ವ ವಿಕಸನದ ಪುಸ್ತಕಗಳ ಪಕ್ಕದಲ್ಲೇ ಇಟ್ಟು ಮಾರುತ್ತಾರೆ. ಹುಡುಗರಿಗೆ ಅವನೊಬ್ಬ ಶಿಸ್ತಿನ ಸಿಪಾಯಿ. ಅವರ ಮೇಲೆ ರೇಗಬೇಡಿ. ಮೊದಲು ಕೇಳಿ: 'ಬಂದ ಅಂತಲೇ ಇಟ್ಕೋ. ಮೊದಲು ಯಾರ ಮನೆ ಬಾಗಿಲು ತಟ್ಟಬೇಕು?' ಉತ್ತರ ಬರಲಿ, ಬರದೇ ಇರಲಿ, ಆಮೇಲೆ ಲೆಕ್ಕ ಹೇಳಿ. ಅವನು ಕೊಲ್ಲಿಸಿದ್ದು 60 ಲಕ್ಷ ಯಹೂದಿಗಳನ್ನು, ಅದರಲ್ಲಿ ಸುಮಾರು 15 ಲಕ್ಷ ಮಕ್ಕಳು. ಅದಕ್ಕೂ ಮುಂಚೆ ಸ್ವಂತ ಜರ್ಮನರಲ್ಲೇ ಅಂಗವಿಕಲರನ್ನು, ಬುದ್ಧಿಮಾಂದ್ಯ ಮಕ್ಕಳನ್ನು ಆಸ್ಪತ್ರೆಗಳಲ್ಲಿ ಕೊಲ್ಲಿಸಿದರು. 'ಅವನು ಆರ್ಯರನ್ನ ಮೆಚ್ಚಿದ್ದ' ಅನ್ನುವವರಿಗೆ ರೋಮಾ ಜನರ ಬಗ್ಗೆ ಹೇಳಿ. ನೂರಾರು ವರ್ಷಗಳ ಹಿಂದೆ ಭಾರತದಿಂದ ಹೊರಟು ಯುರೋಪ್ ಸೇರಿದವರ ಸಂತತಿ ಅದು, ಅವರ ಭಾಷೆಯಲ್ಲಿ ಇವತ್ತಿಗೂ ನೀರಿಗೆ 'ಪಾನಿ' ಅಂತಾರೆ. ಅವರಲ್ಲೂ ಲಕ್ಷಗಟ್ಟಲೆ ಜನರನ್ನು ಕೊಂದ. ನಮ್ಮ ಸ್ವಾತಂತ್ರ್ಯ ಹೋರಾಟಗಾರರನ್ನೂ ಅವನು ಹಗುರಾಗಿ ಬರೆದ, ಭಾರತ ಬ್ರಿಟಿಷರ ಕೈಯಲ್ಲೇ ಇರಲಿ ಅಂದವನು. ಬೆಳಿಗ್ಗೆ ಹಿಟ್ಲರನಿಗೆ ಜೈ, ಸಂಜೆ ಇಸ್ರೇಲಿಗೆ ಜೈ ಅನ್ನುವ ಮಹಾನುಭಾವರನ್ನು ನೀವೂ ನೋಡಿರುತ್ತೀರಿ. ಅವರಿಗೆ ಇಬ್ಬರೂ ಬೇಕಿಲ್ಲ, ಹೊಡೆಯೋಕೆ ಒಂದು ದೊಣ್ಣೆ ಬೇಕು.

ಯಹೂದಿ ಅಂದರೆ ಯಾವುದೋ ದೇಶದವರು ಅಂದುಕೊಂಡವರಿಗೆ ಕೊಂಕಣದ ಗಾಣಿಗರ ಉದಾಹರಣೆ ಚೆನ್ನಾಗಿ ಹೊಂದುತ್ತದೆ. ಕೊಂಕಣ ತೀರದಲ್ಲಿ ಬೆನೆ ಇಸ್ರೇಲ್ ಅನ್ನುವ ಯಹೂದಿಗಳು ನೂರಾರು ವರ್ಷ ಎಣ್ಣೆ ಗಾಣ ನಡೆಸಿದರು. ಮರಾಠಿ ಮಾತಾಡುತ್ತಿದ್ದರು. ಶನಿವಾರ ಮಾತ್ರ ಗಾಣ ಕಟ್ಟುತ್ತಿರಲಿಲ್ಲ, ಅದು ಅವರಿಗೆ ದೇವರ ದಿನ. ಊರವರು ಅವರನ್ನು 'ಶನಿವಾರ ತೇಲಿ' ಅಂತ ಕರೆದರು, ಅಂದರೆ ಶನಿವಾರ ರಜೆ ಮಾಡುವ ಗಾಣಿಗರು. ಅಮಾವಾಸ್ಯೆಗೆ ಎತ್ತು ಕಟ್ಟದ ನಮ್ಮ ರೈತರಿಗೆ ಇದರಲ್ಲಿ ವಿಚಿತ್ರ ಏನಿದೆ? ಕೊಚ್ಚಿಯ ಮಟ್ಟಾಂಚೇರಿಯಲ್ಲಿ 1568ರಲ್ಲಿ ಕಟ್ಟಿದ ಯಹೂದಿ ಪ್ರಾರ್ಥನಾ ಮಂದಿರ ಈಗಲೂ ಇದೆ, ಅರಮನೆ ಮತ್ತು ದೇವಸ್ಥಾನದ ಮಗ್ಗುಲಲ್ಲೇ. 2008ರ ನವೆಂಬರಿನಲ್ಲಿ ಮುಂಬೈ ಮೇಲೆ ದಾಳಿ ಮಾಡಿದವರು ನರಿಮನ್ ಹೌಸ್ ಅನ್ನುವ ಯಹೂದಿ ಕೇಂದ್ರ ಹುಡುಕಿಕೊಂಡು ಹೋದದ್ದು ಅಲ್ಲಿದ್ದವರು ಯಹೂದಿಗಳು ಅಂತಲೇ. ಎರಡು ವರ್ಷದ ಮಗುವನ್ನು ಎತ್ತಿಕೊಂಡು ಹೊರಗೆ ಓಡಿ ಬಂದವರು ಆಯಾ ಸಾಂಡ್ರಾ ಸ್ಯಾಮ್ಯುಯೆಲ್.

ಈಗ ಕಷ್ಟದ ಜಾಗ, ಗಾಜಾ. 2023ರ ಅಕ್ಟೋಬರ್ 7ರಂದು ಗಾಜಾದ ಸಶಸ್ತ್ರ ಸಂಘಟನೆ ಹಮಾಸ್ ಇಸ್ರೇಲಿಗೆ ನುಗ್ಗಿ ಸುಮಾರು 1,200 ಜನರನ್ನು ಕೊಂದು 250ರಷ್ಟು ಜನರನ್ನು ಒತ್ತೆಯಾಗಿ ಎಳೆದೊಯ್ದಿತು. ಆಮೇಲೆ ಇಸ್ರೇಲಿನ ದಾಳಿಯಲ್ಲಿ ಗಾಜಾದಲ್ಲಿ ಹತ್ತಾರು ಸಾವಿರ ಜನ ಸತ್ತರು, ಹೆಂಗಸರು ಮಕ್ಕಳು ಬಹಳ. ಎರಡನ್ನೂ ಹೇಳಿ. ಒಂದನ್ನು ಹೇಳುವಾಗ ಇನ್ನೊಂದನ್ನು ನುಂಗಬೇಡಿ, 'ಎಲ್ಲರಿಗೂ ನೋವಿದೆ ಬಿಡಿ' ಅಂತ ಸಾರಿಸಲೂಬೇಡಿ, ಅದು ಯಾರಿಗೂ ಸಮಾಧಾನ ಕೊಡಲ್ಲ.

ಬೈಯಬೇಕಾದರೆ ಹೆಸರು ಹಿಡಿದು ಬೈಯಿರಿ. ಇಸ್ರೇಲ್ ಸರ್ಕಾರ, ಅದರ ಸೈನ್ಯ, ಇಂಥ ಮಂತ್ರಿ, ಹಮಾಸ್. 'ಈ ಯಹೂದಿಗಳೇ ಹಿಂಗೆ' ಅಥವಾ 'ಈ ಮುಸ್ಲಿಮರೇ ಹಿಂಗೆ' ಅಂತ ಬಾಯಿಗೆ ಬಂತೋ, ಅಲ್ಲಿ ನಿಲ್ಲಿಸಿ. 2021ರಲ್ಲಿ ಹಲವು ದೇಶದ ವಿದ್ವಾಂಸರು, ಬಹಳಷ್ಟು ಯಹೂದಿಗಳೂ ಸೇರಿ, ಜೆರುಸಲೇಮ್ ಘೋಷಣೆ ಅಂತ ಹೊರಡಿಸಿದರು. ಇಸ್ರೇಲನ್ನು ಒಂದು ದೇಶವಾಗಿ ಟೀಕಿಸುವುದು ಯಹೂದಿ ದ್ವೇಷ ಅಲ್ಲ, ಅದರ ಕೆಲಸಕ್ಕೆ ಎಲ್ಲೆಲ್ಲಿಯ ಯಹೂದಿಗಳನ್ನೂ ಹೊಣೆ ಮಾಡುವುದು ದ್ವೇಷ ಅಂತ ಅದರಲ್ಲಿದೆ. ನನಗೆ ಇದು ಬಳಸೋಕೆ ಸುಲಭದ ಗೆರೆ ಅನಿಸುತ್ತದೆ. ಅದೇ ಗೆರೆ ಈ ಕಡೆಗೂ ಬರುತ್ತದೆ. ಆಫೀಸಿನಲ್ಲಿ ಮುಸ್ಲಿಂ ಸಹೋದ್ಯೋಗಿ ಟೀ ಕುಡಿಯಲು ಬಂದಾಗಲೆಲ್ಲ 'ನೀವು ಹಮಾಸ್ ಖಂಡಿಸಿದ್ರಾ ಭಾಯ್' ಅಂತ ಕೇಳುವುದು ಯಾವ ನ್ಯಾಯ? ಗಾಜಾದ ವಿಡಿಯೋ ನೋಡಿ ಅವರಿಗೆ ಸಿಟ್ಟು ಬಂದಿದ್ದರೆ ಮೊದಲು ಆ ಸಿಟ್ಟನ್ನು ಪೂರ್ತಿ ಕೇಳಿಸಿಕೊಳ್ಳಿ. ಮಾತು 'ಹಿಟ್ಲರ್ ಸರಿಯಾಗೇ ಮಾಡಿದ್ದ' ಅನ್ನುವ ಕಡೆ ಜಾರಿದರೆ ಆಗ ತಡೆಯಿರಿ. ಮೊದಲು ಕೇಳಿಸಿಕೊಂಡಿದ್ದರೆ ಮಾತ್ರ ನಿಮ್ಮ ಮಾತು ಅಲ್ಲಿ ನಡೆಯುತ್ತದೆ.

ಅಂಥ ಹೊತ್ತಿಗೆ ರಾಮಿ ಎಲ್‌ಹನನ್ ಮತ್ತು ಬಸ್ಸಾಂ ಅರಾಮಿನ್ ಅವರ ವಿಷಯ ಹೇಳಬಹುದು. ರಾಮಿ ಇಸ್ರೇಲಿ, ಅವರ ಮಗಳು ಸ್ಮದಾರ್ 1997ರಲ್ಲಿ ಜೆರುಸಲೇಮಿನ ಆತ್ಮಾಹುತಿ ಬಾಂಬಿಗೆ ಸತ್ತಳು. ಬಸ್ಸಾಂ ಪ್ಯಾಲೆಸ್ಟೀನಿ, ಅವರ ಹತ್ತು ವರ್ಷದ ಮಗಳು ಅಬೀರ್ 2007ರಲ್ಲಿ ಇಸ್ರೇಲಿ ಗಡಿ ಪೊಲೀಸರ ರಬ್ಬರ್ ಗುಂಡಿಗೆ ಸತ್ತಳು. ಈ ಇಬ್ಬರು ಅಪ್ಪಂದಿರು ಮಕ್ಕಳನ್ನು ಕಳೆದುಕೊಂಡ ಎರಡೂ ಕಡೆಯವರ ಒಂದು ಸಂಘದಲ್ಲಿ ಒಟ್ಟಿಗೆ ಓಡಾಡುತ್ತಾರೆ, ಶಾಲೆಗಳಿಗೆ ಹೋಗಿ ಮಾತಾಡುತ್ತಾರೆ. ಗುಂಡು ಹಾರಿಸಿದವರಿಗೆ ಶಿಕ್ಷೆ ಆಗಲಿ ಅಂತ ಬಸ್ಸಾಂ ಕೋರ್ಟಿನಲ್ಲೂ ಹೋರಾಡಿದರು. ಶಾಂತಿ ಅಂದರೆ ಕೇಸು ಬಿಡುವುದು ಅಂತ ಅವರು ತಿಳಿದಿಲ್ಲ.

ಮಾತು ದುಡ್ಡಿನ ಮೇಲೆ ಬಂದಾಗ ಇನ್ನೂ ಎಚ್ಚರ. 1933ರ ಏಪ್ರಿಲ್ 1ರಂದು ಜರ್ಮನಿಯಲ್ಲಿ ನಾಜಿ ಪಡೆಯವರು ಯಹೂದಿ ಅಂಗಡಿಗಳ ಮುಂದೆ 'ಜರ್ಮನರೇ, ಯಹೂದಿಗಳ ಹತ್ತಿರ ಕೊಳ್ಳಬೇಡಿ' ಅನ್ನುವ ಬೋರ್ಡ್ ಹಿಡಿದು ನಿಂತರು. 2022ರಲ್ಲಿ ನಮ್ಮ ರಾಜ್ಯದ ಕೆಲವು ಜಾತ್ರೆಗಳಲ್ಲಿ ಮುಸ್ಲಿಂ ವ್ಯಾಪಾರಿಗಳಿಗೆ ಅಂಗಡಿ ಹಾಕಲು ಬಿಡಬೇಡಿ ಅಂತ ಬ್ಯಾನರ್ ಬಂತು. ಬ್ಯಾನರ್ ಕಟ್ಟಿದ ಮೇಲೆ ಹೋಗಿ ವಾದ ಮಾಡಿದರೆ ಯಾರೂ ಬಗ್ಗುವುದಿಲ್ಲ, ಎಲ್ಲರಿಗೂ ಹಟ ಹತ್ತಿರುತ್ತದೆ. ಮಳಿಗೆ ಹರಾಜಿಗೆ ಮುಂಚೆಯೇ ಜಾತ್ರೆ ಕಮಿಟಿಯವರನ್ನು ಕಾಣಿ. ಒಬ್ಬರೇ ಹೋಗಬೇಡಿ, ಊರಲ್ಲಿ ಅಂಗಡಿ ಇಟ್ಟುಕೊಂಡ ಒಬ್ಬ ಹಿರಿಯರನ್ನು ಕರೆದುಕೊಂಡು ಹೋಗಿ. 'ಗೌಡ್ರೇ, ಬಳೆ ಅಂಗಡಿ ಕಾದರ್ ಸಾಬ್ರು ನಿಮ್ಮ ತಂದೆ ಕಾಲದಿಂದ ಬರ್ತಿದ್ದಾರೆ, ಈ ವರ್ಷ ಏನಂತ ಹೇಳಿ ಕಳಿಸ್ತೀರಿ?' ಅಂತ ಕೇಳಿ. ದೊಡ್ಡ ಮಾತಿಗಿಂತ ಇಂಥ ಪ್ರಶ್ನೆ ಮುಟ್ಟುತ್ತದೆ. ಸಂಜೆ ನಾವು ತಿನ್ನುವ ಮಂಡಕ್ಕಿ ಮಿರ್ಚಿಯ ಮಂಡಕ್ಕಿ ಹುರಿಯುವ ಭಟ್ಟಿಗಳಲ್ಲಿ ಬೆಂಕಿ ಮುಂದೆ ನಿಲ್ಲುವ ಬಹಳ ಜನ ಮುಸ್ಲಿಮರು. ಬಹಿಷ್ಕಾರದ ಭಾಷಣ ಮುಗಿಸಿ ಪ್ಲೇಟ್ ಮಂಡಕ್ಕಿ ತರಿಸಿಕೊಳ್ಳುವವರಿಗೆ ಇದನ್ನು ನಗುತ್ತಲೇ ನೆನಪಿಸಿ.

ಬೆದರಿಕೆ ಬಂದರೆ ಮೇಲಿನ ಯಾವ ಉಪಾಯವೂ ಬೇಡ. 'ಇಷ್ಟು ಗಂಟೆಗೆ ಇಂಥ ಕಡೆ ಸೇರಿ', 'ಹೊಡೀರಿ', 'ಸುಡಿ' ಅಂತ ಇದ್ದರೆ ಉತ್ತರ ಬರೆಯಬೇಡಿ. ನಂಬರ್, ಟೈಮ್ ಕಾಣುವ ಹಾಗೆ ಸ್ಕ್ರೀನ್‌ಶಾಟ್ ತೆಗೆದು 112ಕ್ಕೆ ಫೋನ್ ಮಾಡಿ, ಹತ್ತಿರದ ಠಾಣೆಗೂ ಕೊಡಿ. ಖಂಡಿಸುವುದಕ್ಕೂ ಅದನ್ನು ಬೇರೆ ಗ್ರೂಪಿಗೆ ಕಳಿಸಬೇಡಿ. ಧರ್ಮ, ಜಾತಿ, ಭಾಷೆಗಳ ನಡುವೆ ದ್ವೇಷ ಹುಟ್ಟಿಸುವುದು ಭಾರತೀಯ ನ್ಯಾಯ ಸಂಹಿತೆಯ 196ನೇ ಕಲಂ ಪ್ರಕಾರ ಅಪರಾಧ, ಮೂರು ವರ್ಷದವರೆಗೆ ಜೈಲು. ಮೊದಲು ಇದೇ ಐಪಿಸಿಯ 153ಎ ಆಗಿತ್ತು.

ಗಣೇಶ ಹಬ್ಬ, ಈದ್ ಮಿಲಾದ್‌ಗೆ ಮುಂಚೆ ಪೊಲೀಸರು ಶಾಂತಿ ಸಭೆ ಕರೆಯುತ್ತಾರೆ. ನಿಜ ಹೇಳಬೇಕೆಂದರೆ ಅಲ್ಲಿ ಪ್ರತಿ ವರ್ಷ ಅದೇ ಹಿರಿಯರು, ಅದೇ ಟೀ ಬಿಸ್ಕತ್ತು, ಅದೇ ಗ್ರೂಪ್ ಫೋಟೋ. ಕಲ್ಲು ಎತ್ತುವ ವಯಸ್ಸಿನವರು ಆ ಸಭೆಗೆ ಬಂದಿರುವುದಿಲ್ಲ. ನಿಮ್ಮ ವಾರ್ಡಿನ ಸಭೆಗೆ ಹೋದರೆ ಇನ್‌ಸ್ಪೆಕ್ಟರ್ ಹತ್ತಿರ ಒಂದೇ ಒಂದು ಕೇಳಿ: ಮುಂದಿನ ಸಲ ಎರಡೂ ಕಡೆಯ ಗ್ರೂಪ್ ಅಡ್ಮಿನ್‌ಗಳನ್ನು ಕರೆಸಿ. ಅವರು ಕರೆಸದಿದ್ದರೆ ನೀವೇ ಆಚೆ ಬೀದಿಯ ಇಬ್ಬರ ನಂಬರ್ ತೆಗೆದುಕೊಂಡು ಬನ್ನಿ. 'ಮಸೀದಿ ಮೇಲೆ ಕಲ್ಲು ಬಿತ್ತಂತೆ', 'ಗಣಪತಿ ಕೈ ಮುರಿದರಂತೆ' ಅಂತ ಸುದ್ದಿ ಬಂದರೆ ಹಂಚುವ ಮುಂಚೆ ಅಲ್ಲಿರುವವರಿಗೆ ಫೋನ್ ಮಾಡಿ ಕೇಳಬಹುದು, ಅವರೂ ನಿಮಗೆ ಮಾಡಬಹುದು.

ನೀವೇ ಅಡ್ಮಿನ್ ಆಗಿದ್ದರೆ ಕೆಲಸ ಇನ್ನೂ ಸುಲಭ. ಬೇರೆಯವರು ಹಾಕಿದ ಮೆಸೇಜನ್ನೂ ನೀವು ಯಾರಿಗೂ ಕಾಣದ ಹಾಗೆ ಅಳಿಸಬಹುದು. ಗ್ರೂಪಿನ ವಿವರಣೆಯಲ್ಲಿ ಒಂದು ಸಾಲು ಹಾಕಿಡಿ: 'ಯಾವುದೇ ಜನಾಂಗ, ಧರ್ಮ, ಜಾತಿಯನ್ನು ಒಟ್ಟಾಗಿ ಬೈಯುವ ಮೆಸೇಜ್ ತೆಗೆಯಲಾಗುತ್ತದೆ, ಹಾಕಿದವರು ಯಾರೇ ಆಗಿರಲಿ.' ಮೊದಲ ಸಲ ಇದನ್ನು ನಿಮ್ಮ ಕಡೆಯವರ ಮೆಸೇಜಿಗೇ ಬಳಸಿ, ಆಗ ಮಿಕ್ಕವರು ನಂಬುತ್ತಾರೆ. ಮೆರವಣಿಗೆ ಇರುವ ದಿನ ಮಧ್ಯಾಹ್ನದಿಂದಲೇ ಅಡ್ಮಿನ್ ಮಾತ್ರ ಬರೆಯುವ ಹಾಗೆ ಸೆಟ್ಟಿಂಗ್ ಬದಲಿಸಿ, ಮಾರನೇ ದಿನ ಬೆಳಿಗ್ಗೆ ತೆಗೆಯಿರಿ. ಯಾರಾದರೂ ಫೋನ್ ಮಾಡಿ ಯಾಕೆ ಅಂತ ರೇಗಿದರೆ, 'ಅಣ್ಣಾ, ನಾಳೆ ಹತ್ತು ಗಂಟೆಗೆ ಓಪನ್ ಮಾಡ್ತೀನಿ, ಆಗ ಹಾಕು' ಅನ್ನಿ.