ಕಾಲೇಜು ಗ್ರಂಥಾಲಯಕ್ಕೆ ಪುಸ್ತಕ ತರಿಸುವ ಮೊದಲು ‘ಇಲ್ಲ’ಗಳ ಲೆಕ್ಕ ಬರೆಯಿರಿ

ಡಿಗ್ರಿ ಕಾಲೇಜಿನ ಗ್ರಂಥಾಲಯದ ಕೌಂಟರಿನಲ್ಲಿ ಇನ್ನೂರು ಪುಟದ ಒಂದು ನೋಟ್‌ಬುಕ್ ಇಡಿ. ಕೇಳಿದ ಪುಸ್ತಕಕ್ಕೆ ‘ಇಲ್ಲ’ ಎಂದಾಗಲೆಲ್ಲ ಅದರಲ್ಲಿ ಒಂದು ಸಾಲು ಬೀಳಬೇಕು: ತಾರೀಖು, ಪುಸ್ತಕದ ಹೆಸರು, ಕೇಳಿದವರ ತರಗತಿ, ಇಲ್ಲ ಅಂದದ್ದು ಯಾಕೆ. ಕೊನೆಯ ಕಾಲಂ ತಪ್ಪಿಸಬೇಡಿ. ‘ತರಿಸಿಯೇ ಇಲ್ಲ’, ‘ಎಲ್ಲ ಪ್ರತಿಯೂ ಹೊರಗಿವೆ’, ‘ಲೆಕ್ಕದಲ್ಲಿದೆ, ರ‍್ಯಾಕಿನಲ್ಲಿಲ್ಲ’ ಇವು ಮೂರು ಬೇರೆ ಬೇರೆ ಕಾಯಿಲೆ. ಖರೀದಿ ಎಂಬ ಮದ್ದು ನಾಟುವುದು ಮೊದಲನೆಯದಕ್ಕೆ ಮಾತ್ರ. ಎಷ್ಟೋ ಕಡೆ ಮೂರಕ್ಕೂ ಅದನ್ನೇ ಕುಡಿಸುತ್ತಾರೆ.

ಎರಡನೆಯದನ್ನು ನೋಡಿ. ಸೆಮಿಸ್ಟರ್ ಹದಿನಾರು ವಾರ ಎಂದುಕೊಳ್ಳಿ. ಒಂದು ಪ್ರತಿಯನ್ನು ಎರಡು ವಾರಕ್ಕೆ ಕೊಟ್ಟರೆ ಅದು ಹೆಚ್ಚೆಂದರೆ ಎಂಟು ಜನರ ಕೈ ಸೇರುತ್ತದೆ. ಐದು ಪ್ರತಿ, ನಲವತ್ತು ಜನ. ತರಗತಿಯಲ್ಲಿ ನೂರಿಪ್ಪತ್ತು ಮಂದಿ ಇದ್ದರೆ ಎಂಬತ್ತು ಜನಕ್ಕೆ ಪುಸ್ತಕವೇ ಇಲ್ಲ. ಅವಧಿಯನ್ನು ಒಂದು ವಾರಕ್ಕೆ ಇಳಿಸಿದರೆ ಅದೇ ಐದು ಪ್ರತಿ ಎಂಬತ್ತು ಜನಕ್ಕೆ ಒದಗುತ್ತದೆ, ಒಂದು ರೂಪಾಯಿ ಖರ್ಚಿಲ್ಲದೆ. ಇನ್ನೊಂದು ಪ್ರತಿಯನ್ನು ಸಂಜೆ ನಾಲ್ಕಕ್ಕೆ ಕೊಟ್ಟು ಬೆಳಿಗ್ಗೆ ಹತ್ತಕ್ಕೆ ವಾಪಸ್ ತೆಗೆದುಕೊಳ್ಳುವ ವ್ಯವಸ್ಥೆ ಮಾಡಿ. ಹಗಲು ಅದು ಓದುವ ಕೋಣೆ ಬಿಟ್ಟು ಹೋಗಬಾರದು. ಪರೀಕ್ಷೆಯ ಹೊತ್ತಿಗೆ ಎಲ್ಲಕ್ಕಿಂತ ಹೆಚ್ಚು ದುಡಿಯುವುದು ಈ ಪ್ರತಿಯೇ.

ಖರೀದಿಗೆ ಕೈಹಾಕುವಾಗ ನೋಟ್‌ಬುಕ್ಕಿನ ‘ತರಿಸಿಯೇ ಇಲ್ಲ’ ಸಾಲುಗಳನ್ನು ವಿಭಾಗವಾರು ಬಿಡಿಸಿ ಇಂಡೆಂಟ್ ಫಾರ್ಮಿನ (ಬೇಕಾದ ಪುಸ್ತಕಗಳನ್ನು ಬರೆದುಕೊಡುವ ಹಾಳೆ) ಜೊತೆಗೇ ಅಧ್ಯಾಪಕರಿಗೆ ಕಳಿಸಿ. ಖಾಲಿ ಫಾರ್ಮ್ ಕಳಿಸಿದರೆ ಹೋದ ವರ್ಷದ ಪಟ್ಟಿಯೇ ಮರಳಿ ಬರುತ್ತದೆ. ಬಂದ ಪಟ್ಟಿಯನ್ನು ಲೇಖಕ, ಆವೃತ್ತಿ, ಹದಿಮೂರು ಅಂಕಿಯ ಐಎಸ್‌ಬಿಎನ್ ಮೂರರಿಂದಲೂ ಕ್ಯಾಟಲಾಗಿನಲ್ಲಿ ತಾಳೆ ನೋಡಿ. ಹೊರರಟ್ಟು ಮಾತ್ರ ಬದಲಾದ ಮರುಮುದ್ರಣ ‘ಹೊಸ ಪುಸ್ತಕ’ವೆಂದು ನುಸುಳುವುದು ಇಲ್ಲಿಯೇ.

ಪಠ್ಯಪುಸ್ತಕಕ್ಕೆ ಇಡೀ ಹಣ ಸುರಿಯಬೇಡಿ. ಕರ್ನಾಟಕದಲ್ಲಿ 2021-22ರಲ್ಲಿ ರಾಷ್ಟ್ರೀಯ ಶಿಕ್ಷಣ ನೀತಿ, ಅಂದರೆ ಎನ್‌ಇಪಿ ಬಂತು. 2024-25ರಿಂದ ಮತ್ತೆ ಮೂರು ವರ್ಷದ ಪದವಿ. ಎರಡು ಸಲವೂ ಪಠ್ಯಕ್ರಮ ಬದಲಾಯಿತು. ಆ ನಡುವೆ ಸೆಮಿಸ್ಟರ್ ಗೈಡುಗಳನ್ನು ಇಪ್ಪತ್ತು-ಇಪ್ಪತ್ತು ಪ್ರತಿ ತರಿಸಿದ ಕಾಲೇಜುಗಳ ರ‍್ಯಾಕಿನಲ್ಲಿ ಈಗ ಅವು ಜಾಗಕ್ಕೆ ಭಾರ. ನಿಘಂಟು, ಮೂಲಗ್ರಂಥ, ವಿಷಯದ ಬುನಾದಿ ಹೇಳುವ ಪುಸ್ತಕಗಳಿಗೆ ಪಠ್ಯಕ್ರಮದ ಹಂಗಿಲ್ಲ.

ಮಾರ್ಚ್ ಖರೀದಿ ದೊಡ್ಡ ಪಿಡುಗು. ವರ್ಷದ ಕೊನೆಯಲ್ಲಿ ಅನುದಾನ ಮುಗಿಸುವ ಅವಸರಕ್ಕೆ ಸರಬರಾಜುದಾರರು ಗೋದಾಮಿನ ಹಳೇ ಸರಕನ್ನು ದೊಡ್ಡ ರಿಯಾಯಿತಿಯ ಆಸೆ ತೋರಿಸಿ ದಾಟಿಸುತ್ತಾರೆ. ಬೆಲೆಯ ಮೇಲೆ ಚೀಟಿ ಅಂಟಿಸಿದ್ದರೆ ಕಿತ್ತು ನೋಡಿ. ಮುದ್ರಿತ ಪುಸ್ತಕಕ್ಕೆ ಜಿಎಸ್‌ಟಿ ಇಲ್ಲ, ಬಿಲ್ಲಿನಲ್ಲಿ ಹಾಕಿದ್ದರೆ ತಿದ್ದಿಸಿ. ಕನ್ನಡ ಪುಸ್ತಕಕ್ಕಾದರೆ ನವೆಂಬರಿನ ರಾಜ್ಯೋತ್ಸವ ರಿಯಾಯಿತಿಯ ಹೊತ್ತಿಗೆ ಪಟ್ಟಿ ಸಿದ್ಧವಿರಲಿ.

ಪುಸ್ತಕ ಬಂದ ದಿನವೇ ಆರ್ಡರ್, ಬಿಲ್, ಪುಸ್ತಕ ಮೂರನ್ನೂ ಎದುರಿಗಿಟ್ಟು ಟಿಕ್ ಹಾಕಿ. ಹಾಳೆ ತಿರುವಿ ನೋಡದೆ ಮೊಹರು ಒತ್ತಬೇಡಿ: ಪುಟ ತಪ್ಪಿದ್ದು, ತಲೆಕೆಳಗಾಗಿ ಹೊಲಿದದ್ದು ಗೊತ್ತಾದಾಗ ಮೊಹರು ಬಿದ್ದ ಪುಸ್ತಕವನ್ನು ಅಂಗಡಿಯವರು ಹಿಂದಕ್ಕೆ ತೆಗೆದುಕೊಳ್ಳುವುದಿಲ್ಲ. ಆಮೇಲೆ ಅಕ್ಸೆಶನ್ ರಿಜಿಸ್ಟರ್, ಅಂದರೆ ಬಂದ ಪ್ರತಿಗಳನ್ನು ದಾಖಲಿಸುವ ಪುಸ್ತಕ. ಒಂದು ಪ್ರತಿಗೆ ಒಂದು ನಂಬರ್. ಐದು ಪ್ರತಿಗೆ ಐದು ನಂಬರ್. ಅದೇ ನಂಬರನ್ನು ಶೀರ್ಷಿಕೆ ಪುಟದ ಹಿಂದೆ, ನೀವು ಗೊತ್ತುಮಾಡಿಕೊಂಡ ಗುಟ್ಟಿನ ಪುಟದಲ್ಲಿ ಮತ್ತು ಬಿಲ್ಲಿನ ಬೆನ್ನಿಗೆ ಬರೆಯಿರಿ. ಆಡಿಟ್‌ನವರು ಮೊದಲು ತಿರುವಿ ನೋಡುವುದು ಬಿಲ್ಲಿನ ಆ ಬೆನ್ನನ್ನೇ.

ವಿಷಯಕ್ಕೊಂದು ಸಂಖ್ಯೆ ಕೊಟ್ಟು ಪುಸ್ತಕ ಜೋಡಿಸುವ ಡ್ಯೂಯಿ ದಶಮಾಂಶ ಪದ್ಧತಿಯಲ್ಲಿ ಕನ್ನಡ ಸಾಹಿತ್ಯದ ಸಂಖ್ಯೆ 894.814; ಕೊನೆಗೆ 1 ಸೇರಿದರೆ ಕಾವ್ಯ, 2 ನಾಟಕ, 3 ಕಾದಂಬರಿ. ಕನ್ನಡ ಸಂಗ್ರಹ ದೊಡ್ಡದಾಗಿದ್ದರೆ ಇಷ್ಟರಿಂದ ಸಾಲದು. ಕಾದಂಬರಿಗಳೆಲ್ಲ ಒಂದೇ ನಂಬರಿನಡಿ ರಾಶಿ ಬೀಳುತ್ತವೆ. ಕೆಳಗೆ ಲೇಖಕರ ಹೆಸರಿನ ಮೊದಲ ಅಕ್ಷರಗಳನ್ನು ಕನ್ನಡದಲ್ಲೇ ಬರೆದು ಅದರಂತೆ ಜೋಡಿಸಿ. ಕಾವ್ಯನಾಮದ ತೊಡಕು ಬರುವುದೂ ಆಗಲೇ. ಒಂದು ಪುಸ್ತಕದಲ್ಲಿ ದ. ರಾ. ಬೇಂದ್ರೆ, ಇನ್ನೊಂದರಲ್ಲಿ ಅಂಬಿಕಾತನಯದತ್ತ. ಮುದ್ರಿಸಿದ್ದನ್ನು ಮುದ್ರಿಸಿದಂತೆಯೇ ನಮೂದಿಸಿದರೆ ಒಬ್ಬರೇ ಕವಿ ಎರಡು ರ‍್ಯಾಕಿಗೆ ಹಂಚಿಹೋಗುತ್ತಾರೆ. ಒಂದು ರೂಪವನ್ನು ಗಟ್ಟಿಮಾಡಿಕೊಂಡು ಮತ್ತೊಂದರಿಂದ ಅದಕ್ಕೆ ‘ನೋಡಿ’ ಎಂಬ ನಮೂದು ಕೊಡಿ. ಗ್ರಂಥಾಲಯ ನಡೆಸುವ ಕೋಹಾ ತಂತ್ರಾಂಶದಲ್ಲಿ ಇದಕ್ಕೆ ಅಥಾರಿಟಿ (ಹೆಸರಿನ ಗಟ್ಟಿಮಾಡಿದ ರೂಪದ) ದಾಖಲೆ ಇದೆ, ಕೋಹಾಕ್ಕೆ ಲೈಸೆನ್ಸ್ ಹಣವೂ ಇಲ್ಲ.

ಕನ್ನಡ ದಾಖಲೆ ಯುನಿಕೋಡಿನಲ್ಲೇ ಇರಬೇಕು. ಹಳೇ ನುಡಿ, ಬರಹ ಫಾಂಟುಗಳಲ್ಲಿ ಹೊಡೆದಿಟ್ಟ ಪಟ್ಟಿ ತೆರೆ ಮೇಲೆ ಕನ್ನಡದಂತೆ ಕಂಡರೂ ಒಳಗೆ ಇಂಗ್ಲಿಷ್ ಕೀಲಿಗಳ ಕಲಸುಮೇಲೋಗರ, ಹುಡುಕಿದರೆ ಸಿಗದು. ಪರಿವರ್ತಿಸಿದ ಮೇಲೂ ಒತ್ತಕ್ಷರ, ಅರ್ಕಾವತ್ತುಗಳನ್ನು ಕಣ್ಣಿಟ್ಟು ನೋಡಿ. ‘ಬ್ಯಾಂಕ್‌ಗಳು’ ಎಂದು ಬರೆಯುವಾಗ ನಡುವೆ ಕಾಣದ ಒಂದು ಚಿಹ್ನೆ ಕೂರುತ್ತದೆ. ಒಬ್ಬರು ಅದನ್ನು ಹಾಕಿ, ಇನ್ನೊಬ್ಬರು ಬಿಟ್ಟು ಹೊಡೆದರೆ ಕಂಪ್ಯೂಟರಿಗೆ ಅವು ಎರಡು ಪದ. ವಿದ್ಯಾರ್ಥಿ ‘ಇಲ್ಲ’ ಎಂದುಕೊಂಡು ಹೋಗುತ್ತಾನೆ, ಪುಸ್ತಕ ರ‍್ಯಾಕಿನಲ್ಲೇ ಇರುತ್ತದೆ.

ಸಂಶೋಧಕರು ಬಂದಾಗ ‘ಯಾವ ಪುಸ್ತಕ ಬೇಕು’ ಎನ್ನುವ ಬದಲು ‘ಏನು ತಿಳಿಯಬೇಕಿದೆ, ಯಾವ ಕಾಲದ್ದು, ಈಗಾಗಲೇ ಏನು ನೋಡಿದ್ದೀರಿ’ ಎಂದು ಕೇಳಿ. ಮೊದಲು ಪಿಎಚ್.ಡಿ. ಪ್ರಬಂಧಗಳ ಆನ್‌ಲೈನ್ ಭಂಡಾರವಾದ ಶೋಧಗಂಗಾ ತೆರೆದು ಆ ವಿಷಯದ ಪ್ರಬಂಧಗಳ ಗ್ರಂಥಋಣ ತೋರಿಸಿ. ಅರ್ಧ ದಾರಿ ಅಲ್ಲೇ ಸವೆಯುತ್ತದೆ. ಕನ್ನಡ ಪ್ರಬಂಧಗಳನ್ನು ಕನ್ನಡ ಲಿಪಿಯಲ್ಲೂ ಇಂಗ್ಲಿಷ್ ಅಕ್ಷರದಲ್ಲೂ ಹುಡುಕಬೇಕು. ಕೃತಿಚೌರ್ಯ ತಪಾಸಣೆಯ ವಿಷಯ ಬಂದರೆ ಯುಜಿಸಿಯ 2018ರ ನಿಯಮ ತಿಳಿಸಿ: ಹೋಲಿಕೆ ಶೇ 10ರವರೆಗೆ ದಂಡನೆಯಿಲ್ಲ, ಅದರಾಚೆ ಶೇ 40ರವರೆಗೆ, 60ರವರೆಗೆ, 60 ಮೀರಿದರೆ ಎಂದು ದಂಡನೆಯ ಮೂರು ಹಂತಗಳು. ಎನ್‌-ಲಿಸ್ಟ್ (ಕಾಲೇಜುಗಳಿಗೆ ಆನ್‌ಲೈನ್ ಓದುಸಾಮಗ್ರಿ ಒದಗಿಸುವ ಯೋಜನೆ) ಸದಸ್ಯತ್ವ ಇದ್ದರೆ ಲಾಗಿನ್ ಹಂಚಿ ಕೈತೊಳೆದುಕೊಳ್ಳಬೇಡಿ. ಹತ್ತು-ಹತ್ತು ಜನರನ್ನು ಕೂರಿಸಿ ಅಲ್ಲೇ ಒಂದು ಲೇಖನ ಇಳಿಸಿಕೊಳ್ಳುವಂತೆ ಮಾಡಿ.

ಮೊದಲು ಹೇಳಿದ ಮೂರು ಕಾಯಿಲೆಗಳಲ್ಲಿ ಉಳಿದದ್ದು ‘ರ‍್ಯಾಕಿನಲ್ಲಿಲ್ಲ’. ಕೇಂದ್ರದ ಸಾಮಾನ್ಯ ಹಣಕಾಸು ನಿಯಮಗಳ (2017) 215ನೇ ನಿಯಮದಂತೆ 20,000 ಪುಸ್ತಕದವರೆಗಿನ ಗ್ರಂಥಾಲಯದಲ್ಲಿ ಪ್ರತಿ ವರ್ಷ ಪೂರ್ತಿ ಎಣಿಕೆ, 50,000ದವರೆಗೆ ಮೂರು ವರ್ಷಕ್ಕೊಮ್ಮೆಯಾದರೂ. ವರ್ಷಕ್ಕೆ ಓದಿಗೆ ಕೊಟ್ಟ ಸಾವಿರ ಪುಸ್ತಕಕ್ಕೆ ಐದು ಕಳೆದರೆ ಸಹಜ ನಷ್ಟ. ಆದರೆ ಅದು ಅಪ್ರಾಮಾಣಿಕತೆ, ನಿರ್ಲಕ್ಷ್ಯದಿಂದ ಆಗಿರಬಾರದು. ಸಾವಿರ ರೂಪಾಯಿ ಮೀರಿದ ಅಥವಾ ಅಪರೂಪದ ಪುಸ್ತಕವಾದರೆ ವಿಚಾರಣೆ ಆಗಲೇಬೇಕು. ಕೋಹಾದಲ್ಲಿ ರ‍್ಯಾಕಿನಿಂದ ರ‍್ಯಾಕಿಗೆ ಬಾರ್‌ಕೋಡ್ ಸ್ಕ್ಯಾನ್ ಮಾಡಿದ ಕಡತವನ್ನು ಇನ್ವೆಂಟರಿಗೆ ಹಾಕಿದರೆ ಕಾಣೆಯಾದವುಗಳ ಪಟ್ಟಿ ಬರುತ್ತದೆ. ಆ ಪಟ್ಟಿಯನ್ನು ಕಳೆದುಹೋದದ್ದು ಎಂದು ತಕ್ಷಣ ಬರೆದುಹಾಕಬೇಡಿ. ಮೊದಲು ಪಕ್ಕದ ರ‍್ಯಾಕ್, ಆಮೇಲೆ ಬೈಂಡಿಂಗ್‌ಗೆ ಕಳಿಸಿದ ಕಟ್ಟು, ಕೊನೆಗೆ ವಿಭಾಗಗಳ ಬೀರುಗಳು. ಬೀರುವಿನ ಬೀಗದ ಕೈ ಯಾರಲ್ಲಿದೆ ಎಂದು ಮೊದಲೇ ವಿಚಾರಿಸಿಟ್ಟುಕೊಳ್ಳಿ.